ಮೊದಲ ಮೇಲ್ ಯಾವ ವಿಳಾಸದಿಂದ?

ಬೆಂಗಳೂರಿನಲ್ಲಿ ಸ್ಟಾರ್ಟಪ್ ಶುರು ಮಾಡುವವರಿಗೆ ಇರುವ ಒಂದು ಅನುಕೂಲ ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ಶುರು ಮಾಡುವ ಕನ್ನಡಿಗರಿಗೆ ಇರುವುದಿಲ್ಲ. ಅಲ್ಲಿ ಕಾಲೇಜಿನ ಸೀನಿಯರ್ ಒಬ್ಬರು ಸಿಗುತ್ತಾರೆ, ಅಣ್ಣನ ಸಹೋದ್ಯೋಗಿ ಇರುತ್ತಾರೆ, ಮದುವೆ ಮನೆಯಲ್ಲಿ ಭೇಟಿಯಾದ ದೂರದ ನೆಂಟರು ‘ನಮ್ಮ ಕಂಪನಿಯವರಿಗೆ ಒಂದು ಮಾತು ಹೇಳ್ತೀನಿ’ ಅನ್ನುತ್ತಾರೆ. ಪರವೂರಿನಲ್ಲಿ ಆ ಕೊಂಡಿಗಳು ಕಡಿಮೆ. ಚಾಕಣ್‌ನ ಕಾರ್ಖಾನೆಯ ಪರ್ಚೇಸ್ ಮ್ಯಾನೇಜರ್‌ಗಾಗಲಿ, ಮುಂಬೈನ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕೂತ ಹೂಡಿಕೆದಾರರಿಗಾಗಲಿ ನಮ್ಮನ್ನು ಪರಿಚಯಿಸುವವರು ಇಲ್ಲ. ಉಳಿಯುವ ಬಾಗಿಲು ಒಂದೇ, ಮುಖಪರಿಚಯವಿಲ್ಲದವರಿಗೆ ನೇರವಾಗಿ ಬರೆಯುವ ಇಮೇಲ್. ಕೋಲ್ಡ್ ಮೇಲ್ ಅನ್ನುವುದು ಇದನ್ನೇ.

ಇಂಥ ಮೇಲ್‌ನಲ್ಲಿ ಏನು ಬರೆಯಬೇಕು ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಯಾವ ವಿಳಾಸದಿಂದ ಕಳಿಸಬೇಕು ಎಂಬುದನ್ನು ಮಾತ್ರ ಅರ್ಧ ನಿಮಿಷದಲ್ಲಿ ತೀರ್ಮಾನಿಸಿಬಿಡುತ್ತೇವೆ. ಆದರೆ ಆ ಕಡೆಯವರಿಗೆ ಮೊದಲು ಕಾಣುವುದು ಕಳಿಸಿದವರ ಹೆಸರು ಮತ್ತು ವಿಳಾಸ. ಅವರಿಗಿಂತ ಮುಂಚೆ ಅದನ್ನು ನೋಡುವುದು ಅವರ ಮೇಲ್ ಸೇವೆಯ ಸ್ಪ್ಯಾಮ್ ಜರಡಿ. ಜರಡಿಯಲ್ಲಿ ಸಿಕ್ಕಿಕೊಂಡ ಪತ್ರದ ಒಕ್ಕಣೆ ಎಷ್ಟು ಚೆನ್ನಾಗಿದ್ದರೂ ಓದುವವರಿಲ್ಲ.

ಅಪರಿಚಿತರಿಗೆ ಮೇಲ್ ಕಳಿಸಿ ಸರಕು ಮಾರುವ ಚಾಳಿ ಹೊಸದೇನಲ್ಲ. 1978ರ ಮೇ ತಿಂಗಳಿನಲ್ಲಿ ಅಮೆರಿಕದ ಡಿಇಸಿ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬವರು ಆರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಜನರಿಗೆ ಹೊಸ ಕಂಪ್ಯೂಟರ್‌ಗಳ ಪ್ರದರ್ಶನಕ್ಕೆ ಬನ್ನಿ ಎಂದು ಒಂದೇ ಸಂದೇಶ ಕಳಿಸಿದರು. ಜಗತ್ತಿನ ಮೊದಲ ಸ್ಪ್ಯಾಮ್ ಎಂದು ಈಗ ಅದನ್ನೇ ಹೇಳುತ್ತಾರೆ. ಗಿರಾಕಿಗಳೂ ಬಂದರು, ಬೈಗುಳವೂ ಬಂತು. ಆಗ ತಡೆಯಲು ಯಂತ್ರವಿರಲಿಲ್ಲ. ಈಗ ಇದೆ, ಮತ್ತು ಅದಕ್ಕೆ ನೆನಪಿನ ಶಕ್ತಿ ಚೆನ್ನಾಗಿದೆ.

ಹೊಸಬರ ಮುಂದೆ ಸಾಮಾನ್ಯವಾಗಿ ಇರುವ ಆಯ್ಕೆಗಳು ಇವು: ಈಗ ಕೆಲಸ ಮಾಡುತ್ತಿರುವ ಆಫೀಸಿನ ವಿಳಾಸ, ಸ್ವಂತ ಜಿಮೇಲ್, ಕಂಪನಿಯ ಡೊಮೇನ್‌ನಲ್ಲಿ ಸ್ವಂತ ಹೆಸರಿನ ವಿಳಾಸ, ‘ಇನ್ಫೊ’ ‘ಸೇಲ್ಸ್’ ಎಂಬಂಥ ಹುದ್ದೆಯ ವಿಳಾಸ, ಮತ್ತು ಕೋಲ್ಡ್ ಮೇಲ್‌ಗೆಂದೇ ಕೊಂಡ ಇನ್ನೊಂದು ಡೊಮೇನ್. ಒಂದೊಂದನ್ನೇ ನೋಡೋಣ.

ಆಫೀಸಿನ ವಿಳಾಸ ಬೇಡವೇ ಬೇಡ

ಪರವೂರಿನ ನಮ್ಮಲ್ಲಿ ಅನೇಕರು ಸ್ಟಾರ್ಟಪ್ ಶುರು ಮಾಡುವುದು ಕೆಲಸದಲ್ಲಿರುವಾಗಲೇ. ಬಾಡಿಗೆ, ಊರಿನ ಮನೆಯ ಸಾಲ, ಮಕ್ಕಳ ಶಾಲೆಯ ಫೀಸು ಇರುವಾಗ ಏಕಾಏಕಿ ರಾಜೀನಾಮೆ ಕೊಡುವುದು ಎಲ್ಲರಿಗೂ ಆಗುವುದಿಲ್ಲ. ಆಗ ಬರುವ ಮೊದಲ ಆಸೆ ದೊಡ್ಡ ಕಂಪನಿಯ ವಿಳಾಸದಿಂದಲೇ ಬರೆಯುವುದು. ದೊಡ್ಡ ಹೆಸರು ಕಂಡರೆ ಮೇಲ್ ತೆರೆದು ನೋಡುತ್ತಾರೆ ಎಂಬ ಲೆಕ್ಕ. ತೆರೆಯುತ್ತಾರೆ ನಿಜ. ಆದರೆ ಆ ಪೆಟ್ಟಿಗೆ ನಿಮ್ಮದಲ್ಲ, ಕಂಪನಿಯದು. ಅಲ್ಲಿ ಬರೆದ ಪ್ರತಿ ಸಾಲನ್ನೂ ಆಡಳಿತದವರು ನೋಡಬಹುದು. ಬಿಟ್ಟು ಬಂದ ದಿನ ಖಾತೆ ಮುಚ್ಚುತ್ತದೆ, ನಿಮ್ಮ ಮೊದಲ ಗಿರಾಕಿಗಳ ಉತ್ತರಗಳೂ ಅದರೊಳಗೇ ಉಳಿಯುತ್ತವೆ. ಅದಕ್ಕಿಂತ ದೊಡ್ಡ ತೊಡಕು, ಈ ಉತ್ಪನ್ನ ಕಂಪನಿಯ ಸಮಯದಲ್ಲಿ, ಕಂಪನಿಯ ಸಾಧನ ಬಳಸಿ ಮಾಡಿದ್ದು ಎಂಬ ವಾದಕ್ಕೆ ನೀವೇ ಸಾಕ್ಷಿ ಬರೆದುಕೊಟ್ಟಂತಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ, ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಉದ್ಯೋಗಿಗಳನ್ನು ಕೈಬಿಟ್ಟಿದ್ದು ಎಲ್ಲರಿಗೂ ನೆನಪಿರಬಹುದು. ನಿಮ್ಮ ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸದ ಬಗ್ಗೆ ಏನಿದೆ ಎಂದು ಓದಿಕೊಳ್ಳುವುದು ಒಂದು ಕೆಲಸ. ಅಲ್ಲಿ ಏನೇ ಇರಲಿ, ಆಫೀಸಿನ ಮೇಲ್, ಲ್ಯಾಪ್‌ಟಾಪ್ ಎರಡನ್ನೂ ಈ ಕೆಲಸದಿಂದ ದೂರವಿಡುವುದು ಇನ್ನೊಂದು.

ಜಿಮೇಲ್ ಸಾಕೇ?

ನಮ್ಮ ದೇಶದಲ್ಲಿ ಜಿಮೇಲ್ ವಿಳಾಸವೆಂದರೆ ಯಾರೂ ಮೂಗು ಮುರಿಯುವುದಿಲ್ಲ. ಭೋಸರಿ, ಅಂಬತ್ತೂರು, ಜೀಡಿಮೆಟ್ಲದ ಎಷ್ಟೋ ಸಣ್ಣ ಕಾರ್ಖಾನೆಗಳ ಬೋರ್ಡಿನ ಮೇಲೆ ಇಂದಿಗೂ ಜಿಮೇಲ್, ರೆಡಿಫ್‌ಮೇಲ್ ವಿಳಾಸಗಳಿವೆ. ಮಾಲೀಕರೇ ಹಾಗೆ ಬಳಸುವಾಗ ನಿಮ್ಮನ್ನು ಅದೇ ಕಾರಣಕ್ಕೆ ದೂರವಿಡುವುದಿಲ್ಲ. ಉತ್ಪನ್ನ ಇನ್ನೂ ಆಗಿಲ್ಲ, ‘ನಿಮ್ಮ ಕಷ್ಟ ಏನು, ಹದಿನೈದು ನಿಮಿಷ ಮಾತಾಡಬಹುದೇ’ ಎಂದು ಹತ್ತಿಪ್ಪತ್ತು ಜನರನ್ನು ಕೇಳುವ ಹಂತ ಎಂದಾದರೆ ಸ್ವಂತ ಜಿಮೇಲ್ ಧಾರಾಳವಾಗಿ ಸಾಕು. ಹಳೆಯ ಖಾತೆಯಾಗಿದ್ದರೆ ಅದಕ್ಕೆ ಒಳ್ಳೆಯ ಹೆಸರೂ ಇರುತ್ತದೆ.

ಆದರೆ ಹಣದ ಮಾತು ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಬ್ಯಾಂಕು, ಆಸ್ಪತ್ರೆ, ಸಾರ್ವಜನಿಕ ವಲಯದ ಸಂಸ್ಥೆಗಳಲ್ಲಿ ಬಿಲ್ಲು, ಕೊಟೇಶನ್ ಉಚಿತ ಮೇಲ್ ಖಾತೆಯಿಂದ ಬಂದರೆ ಅನುಮಾನಪಡಿ ಎಂದು ಸಿಬ್ಬಂದಿಗೆ ತರಬೇತಿಯನ್ನೇ ಕೊಟ್ಟಿರುತ್ತಾರೆ. ಯಾರು ಬೇಕಾದರೂ ನಿಮ್ಮ ಹೆಸರಿಗೆ ಒಂದು ಅಂಕಿ ಸೇರಿಸಿ ಇನ್ನೊಂದು ಜಿಮೇಲ್ ಮಾಡಿಕೊಳ್ಳಬಹುದು, ಯಾವುದು ಅಸಲಿ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಉಚಿತ ಜಿಮೇಲ್ ಖಾತೆಗೆ ದಿನಕ್ಕೆ 500 ಮೇಲ್‌ಗಳ ಮಿತಿಯೂ ಇದೆ. ಅದೇ ಖಾತೆಗೆ ನಿಮ್ಮ ಬ್ಯಾಂಕು, ಆಧಾರ್, ಅಪ್ಪ ಅಮ್ಮನ ಆಸ್ಪತ್ರೆಯ ರಿಪೋರ್ಟುಗಳೆಲ್ಲ ಜೋಡಿಸಿಕೊಂಡಿದ್ದರೆ, ಮಾರಾಟದ ಮೇಲ್‌ಗಳಿಂದಾಗಿ ಆ ಖಾತೆ ಒಂದು ದಿನದ ಮಟ್ಟಿಗೆ ತಡೆಹಿಡಿಯಲ್ಪಟ್ಟರೂ ತೊಂದರೆ ದೊಡ್ಡದು.

ಇನ್ನೊಂದು ಎಚ್ಚರ. ಸಾಮೂಹಿಕ ಮೇಲ್ ಕಳಿಸುವ ಯಾವುದೋ ಸಾಫ್ಟ್‌ವೇರ್‌ನ ಸರ್ವರ್‌ನಿಂದ, ಕಳಿಸಿದವರ ಜಾಗದಲ್ಲಿ ಜಿಮೇಲ್ ವಿಳಾಸ ಹಾಕಿ ಕಳಿಸಬೇಡಿ. ಗೂಗಲ್ ಅದನ್ನು ಸೋಗು ಎಂದೇ ಪರಿಗಣಿಸುತ್ತದೆ. ಯಾಹೂ ಅಂತೂ 2014ರಲ್ಲಿಯೇ, ತನ್ನ ವಿಳಾಸ ಹೊತ್ತು ಬೇರೆ ಸರ್ವರ್‌ಗಳಿಂದ ಹೊರಟ ಮೇಲ್‌ಗಳನ್ನು ತಿರಸ್ಕರಿಸುವಂತೆ ಜಗತ್ತಿನ ಎಲ್ಲ ಮೇಲ್ ಸೇವೆಗಳಿಗೂ ಸೂಚನೆ ಕೊಟ್ಟಿತ್ತು.

ಸ್ವಂತ ಡೊಮೇನ್ ಮತ್ತು ಮೂರು ಗುರುತು

‘.ಇನ್’ ಡೊಮೇನ್‌ಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಮೇಲ್ ಸೇವೆಗೆ ಗೂಗಲ್ ವರ್ಕ್‌ಸ್ಪೇಸ್ ಇದೆ, ಮೈಕ್ರೋಸಾಫ್ಟ್ ಇದೆ, ಚೆನ್ನೈ ಮೂಲದ ಜೋಹೊ ಇದೆ. ಡೊಮೇನ್ ಕೊಳ್ಳುವಾಗ ಅದು ನಿಮ್ಮ ಅಥವಾ ಕಂಪನಿಯ ಹೆಸರಿನಲ್ಲಿಯೇ ನೋಂದಣಿಯಾಗಲಿ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಅಲ್ಲ. ನವೀಕರಣ ತಪ್ಪಿದರೆ ವೆಬ್‌ಸೈಟಿನ ಜತೆ ಮೇಲ್ ಕೂಡ ನಿಲ್ಲುತ್ತದೆ.

ಡೊಮೇನ್ ಕೊಂಡ ಮಾತ್ರಕ್ಕೆ ಮೇಲ್ ತಲುಪುತ್ತದೆ ಎಂದಲ್ಲ. ಅದರ ಡಿಎನ್‌ಎಸ್ ದಾಖಲೆಯಲ್ಲಿ ಮೂರು ಗುರುತುಗಳನ್ನು ಬರೆಯಬೇಕು. ಮೊದಲನೆಯದು ಎಸ್‌ಪಿಎಫ್, ನಮ್ಮ ಪರವಾಗಿ ಮೇಲ್ ಒಯ್ಯಲು ಯಾವ ಯಾವ ಸರ್ವರ್‌ಗೆ ಅಧಿಕಾರವಿದೆ ಎಂಬ ಪಟ್ಟಿ. ಎರಡನೆಯದು ಡಿಕಿಮ್, ಲಕೋಟೆಯ ಮೇಲಿನ ಅರಗಿನ ಮೊಹರಿನಂತೆ ಪ್ರತಿ ಮೇಲ್‌ಗೂ ಬೀಳುವ ಡಿಜಿಟಲ್ ಸಹಿ. ಮೂರನೆಯದು ಡಿಮಾರ್ಕ್, ಮೇಲಿನ ಎರಡರಲ್ಲಿ ಒಂದಾದರೂ ಕಳಿಸಿದವರ ಡೊಮೇನ್‌ಗೆ ತಾಳೆಯಾಗದಿದ್ದರೆ ಮೇಲ್ ಅನ್ನು ಏನು ಮಾಡಬೇಕು ಎಂಬ ಆದೇಶ.

ಇಲ್ಲಿ ಸಾಮಾನ್ಯವಾಗಿ ಎಡವುವ ಜಾಗಗಳು ಮೂರು. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹೊಸ ಸೇವೆ ಸೇರಿಸಿದಾಗ ಎರಡನೆಯ ದಾಖಲೆ ಬರೆದರೆ ಎರಡೂ ಕೆಲಸಕ್ಕೆ ಬಾರವು. ಆ ಒಂದು ದಾಖಲೆಯೊಳಗೂ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಬೇಕಾಗುವಂತಿಲ್ಲ. ಹಾಗಾಗಿ ಪ್ರಯೋಗಕ್ಕೆಂದು ಸೇರಿಸಿ ಮರೆತ ಸೇವೆಗಳನ್ನು ತೆಗೆಯುತ್ತಿರಬೇಕು. ಮೂರನೆಯದು ನಮ್ಮ ದೇಶದ ಸಣ್ಣ ಉದ್ಯಮಗಳಿಗೆ ಬರೆಯುವವರು ಗಮನಿಸಬೇಕಾದದ್ದು. ಅಲ್ಲಿ ಬಹಳಷ್ಟು ಜನ ಕಂಪನಿ ವಿಳಾಸಕ್ಕೆ ಬಂದದ್ದನ್ನು ತಮ್ಮ ಜಿಮೇಲ್‌ಗೆ ಫಾರ್ವರ್ಡ್ ಮಾಡಿಕೊಂಡಿರುತ್ತಾರೆ. ಹಾಗೆ ಫಾರ್ವರ್ಡ್ ಆದಾಗ ಸಾಮಾನ್ಯವಾಗಿ ಎಸ್‌ಪಿಎಫ್ ತಾಳೆ ತಪ್ಪುತ್ತದೆ, ಒಕ್ಕಣೆ ಬದಲಾಗದಿದ್ದರೆ ಡಿಕಿಮ್ ಸಹಿ ಉಳಿಯುತ್ತದೆ. ಆದ್ದರಿಂದ ಎಸ್‌ಪಿಎಫ್ ಹಾಕಿದ್ದೇನೆ, ಸಾಕು ಎಂದು ಕೂರಬಾರದು.

2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ವೈಯಕ್ತಿಕ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ಅಥವಾ ಹೆಚ್ಚು ಮೇಲ್ ಕಳಿಸುವವರಿಗೆ ಈ ಮೂರೂ ಕಡ್ಡಾಯ. ಅದಕ್ಕಿಂತ ಕಡಿಮೆ ಕಳಿಸುವವರಿಗೂ ಮೊದಲ ಎರಡರಲ್ಲಿ ಒಂದು ಇರಲೇಬೇಕು. ಸ್ಪ್ಯಾಮ್ ಎಂದು ದೂರುವವರ ಪ್ರಮಾಣ ಶೇ 0.1ರ ಕೆಳಗೆ ಇರಲಿ, ಶೇ 0.3 ಮುಟ್ಟದಿರಲಿ ಎಂಬುದು ಗೂಗಲ್ ಮಾತು. ಮೈಕ್ರೋಸಾಫ್ಟ್ ಕೂಡ ತನ್ನ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಿಗೆ ಹೆಚ್ಚು ಮೇಲ್ ಕಳಿಸುವವರ ಮೇಲೆ 2025ರ ಮೇನಿಂದ ಇಂಥದೇ ನಿಯಮ ಹೇರಿದೆ. ಶೇ 0.3 ಅಂದರೆ ಸಾವಿರಕ್ಕೆ ಮೂರು ಜನ. ನೂರು ಜನಕ್ಕೆ ಕಳಿಸಿ ಒಬ್ಬರೇ ಒಬ್ಬರು ‘ಸ್ಪ್ಯಾಮ್’ ಗುಂಡಿ ಒತ್ತಿದರೂ ಅದು ಶೇ 1.

ಮುಖ್ಯ ಡೊಮೇನೋ, ಇನ್ನೊಂದು ಡೊಮೇನೋ?

ನಿಜವಾದ ಜಿಜ್ಞಾಸೆ ಇರುವುದು ಇಲ್ಲಿ. ಡೊಮೇನ್‌ಗೂ ಒಂದು ಹೆಸರು, ಮರ್ಯಾದೆ ಇದೆ. ಜನ ತೆರೆದು ಓದಿದರೆ, ಉತ್ತರ ಬರೆದರೆ ಅದು ಏರುತ್ತದೆ. ದೂರು ಬಂದರೆ, ಇಲ್ಲದ ವಿಳಾಸಗಳಿಗೆ ಕಳಿಸಿ ಮೇಲ್‌ಗಳು ವಾಪಸ್ ಬಂದರೆ ಇಳಿಯುತ್ತದೆ. ಇಳಿದ ಮೇಲೆ ತೊಂದರೆ ಕೋಲ್ಡ್ ಮೇಲ್‌ಗಷ್ಟೇ ಅಲ್ಲ. ಗಿರಾಕಿಗೆ ಕಳಿಸಿದ ಇನ್‌ವಾಯ್ಸ್, ಬಳಕೆದಾರರಿಗೆ ಹೋಗಬೇಕಾದ ಪಾಸ್‌ವರ್ಡ್ ಬದಲಾವಣೆಯ ಕೊಂಡಿ, ಹೂಡಿಕೆದಾರರಿಗೆ ಬರೆದ ಉತ್ತರ ಎಲ್ಲವೂ ಸ್ಪ್ಯಾಮ್ ಬುಟ್ಟಿ ಸೇರುತ್ತವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂಬ ಗಾದೆ ಡೊಮೇನ್‌ಗೂ ಬಹುಪಾಲು ಸಲ್ಲುತ್ತದೆ. ವಾಪಸ್ ಬರುತ್ತದೆ, ಆದರೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಕೈಯಲ್ಲಿ ನಾಲ್ಕು ತಿಂಗಳ ಸಂಬಳದ ಹಣ ಮಾತ್ರ ಇರುವ ಸ್ಟಾರ್ಟಪ್‌ಗೆ ಅದು ಸಣ್ಣ ಅವಧಿಯಲ್ಲ.

ಈ ಭಯದಿಂದಲೇ ಹಲವರು ಕಂಪನಿ ಹೆಸರಿನ ಹಿಂದೆ ‘ಗೆಟ್’, ‘ಟ್ರೈ’ ಎಂದು ಸೇರಿಸಿ ಇನ್ನೊಂದು ಡೊಮೇನ್ ಕೊಂಡು ಕೋಲ್ಡ್ ಮೇಲ್‌ಗಳನ್ನೆಲ್ಲ ಅಲ್ಲಿಂದ ಕಳಿಸುತ್ತಾರೆ. ಅದು ಕೆಟ್ಟರೆ ಕೆಡಲಿ, ಮುಖ್ಯ ಡೊಮೇನ್ ಉಳಿಯಲಿ ಎಂಬ ಉಪಾಯ. ಇದಕ್ಕೆ ಮೂರು ಮಿತಿಗಳಿವೆ. ಹೊಸ ಡೊಮೇನ್‌ಗೆ ಇತಿಹಾಸ ಇರುವುದಿಲ್ಲ. ನಿನ್ನೆ ಮೊನ್ನೆ ಹುಟ್ಟಿದ ಡೊಮೇನ್‌ಗಳನ್ನು ಜರಡಿಗಳು ಮೊದಲಿಂದಲೂ ಅನುಮಾನದಿಂದ ನೋಡುತ್ತವೆ. ಎರಡನೆಯದಾಗಿ, ಅಸಲಿ ಹೆಸರಿಗೆ ಹೋಲುವ ಬೇರೆ ಡೊಮೇನ್ ಎಂಬುದು ವಂಚಕರದೇ ಹಳೆಯ ವಿದ್ಯೆ. ಬ್ಯಾಂಕಿನ ಭದ್ರತಾ ವಿಭಾಗದವರಿಗೆ ನಿಮ್ಮ ಪ್ರಾಮಾಣಿಕ ಮೇಲ್ ಕೂಡ ಹಾಗೆಯೇ ಕಾಣಬಹುದು. ಮೂರನೆಯದಾಗಿ, ಕೆಟ್ಟರೆ ಕೆಡಲಿ ಎಂಬ ಧೈರ್ಯ ಬಂದ ಕೂಡಲೇ ಪಟ್ಟಿ ದೊಡ್ಡದಾಗುತ್ತದೆ, ಒಕ್ಕಣೆ ಅಸಡ್ಡೆಯಾಗುತ್ತದೆ. ಡೊಮೇನ್ ಎಸೆಯಬಹುದು. ಮೇಲ್ ಓದಿ ಕಿರಿಕಿರಿಗೊಂಡವರ ನೆನಪಿನಲ್ಲಿ ಉಳಿಯುವುದು ಮಾತ್ರ ಕಂಪನಿಯ ಹೆಸರು.

ಸಬ್‌ಡೊಮೇನ್ ಎಂಬ ನಡುದಾರಿಯೂ ಇದೆ. ಅದರ ಮರ್ಯಾದೆ ಸ್ವಲ್ಪ ಮಟ್ಟಿಗೆ ಪ್ರತ್ಯೇಕವಾಗಿ ಲೆಕ್ಕವಾದರೂ ಪೂರ್ತಿ ಬೇರೆಯಲ್ಲ. 5,000ದ ಲೆಕ್ಕದಲ್ಲಿ ಗೂಗಲ್ ಸಬ್‌ಡೊಮೇನ್‌ಗಳನ್ನೂ ಮೂಲ ಡೊಮೇನ್‌ಗೇ ಸೇರಿಸುತ್ತದೆ. ಸುದ್ದಿಪತ್ರ, ಒಟಿಪಿ, ಬಿಲ್ಲುಗಳಂಥ ಯಂತ್ರ ಕಳಿಸುವ ಮೇಲ್‌ಗಳನ್ನು ಬೇರ್ಪಡಿಸಲು ಅದು ಒಳ್ಳೆಯ ಜಾಗ. ಮನುಷ್ಯರು ಮನುಷ್ಯರಿಗೆ ಬರೆಯುವ ಪತ್ರಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

ಹಾಗಾದರೆ ತೀರ್ಮಾನ ಯಾವುದರ ಮೇಲೆ? ಸಂಖ್ಯೆಯ ಮೇಲೆ. ಸ್ಥಾಪಕರೇ ಕೂತು ದಿನಕ್ಕೆ ಹತ್ತಿಪ್ಪತ್ತು ಜನರನ್ನು ಆರಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವುದಾದರೆ ಮುಖ್ಯ ಡೊಮೇನ್, ಸ್ವಂತ ಹೆಸರು. ಅಷ್ಟು ಕಡಿಮೆ ಸಂಖ್ಯೆಯಲ್ಲಿ, ಸಂಬಂಧಪಟ್ಟವರಿಗೇ ಬರೆದಾಗ ಮರ್ಯಾದೆ ಕೆಡುವ ಸಂಭವ ಕಡಿಮೆ, ನಂಬಿಕೆ ಹುಟ್ಟುವ ಸಂಭವ ಹೆಚ್ಚು. ಮಾರಾಟದ ತಂಡ ಕಟ್ಟಿ ದಿನಕ್ಕೆ ನೂರಾರು ಕಳಿಸಲೇಬೇಕು ಎಂಬ ಹಂತ ಬಂದರೆ ಬೇರೆ ಡೊಮೇನ್ ಯೋಚಿಸಿ. ಆಗಲೂ ಅದು ಮುಖ್ಯ ವೆಬ್‌ಸೈಟಿಗೆ ಕೊಂಡೊಯ್ಯುವಂತಿರಲಿ, ಅದಕ್ಕೂ ಮೂರು ಗುರುತುಗಳಿರಲಿ, ಮೊದಲ ವಾರಗಳಲ್ಲಿ ದಿನಕ್ಕೆ ನಾಲ್ಕೈದರಿಂದ ಶುರು ಮಾಡಿ ನಿಧಾನ ಏರಿಸಿ.

@ ಚಿಹ್ನೆಯ ಎಡಗಡೆ

ಡೊಮೇನ್ ಆಯಿತು, ಇನ್ನು ಹೆಸರು. ‘ಇನ್ಫೊ’, ‘ಸೇಲ್ಸ್’ ವಿಳಾಸದಿಂದ ಬಂದ ಮೇಲ್ ನೋಡಿದಾಗ ಯಾರೂ ನಮಗಾಗಿ ಬರೆದಿದ್ದಾರೆ ಅನ್ನಿಸುವುದಿಲ್ಲ. ‘ನೋ ರಿಪ್ಲೈ’ ಎಂಬುದಂತೂ ಬಾಗಿಲು ತಟ್ಟಿ ಓಡಿಹೋದಂತೆ. ಆ ವಿಳಾಸಗಳು ಬರುವ ಮೇಲ್‌ಗಳಿಗೆ ಇರಲಿ. ಹೋಗುವ ಮೊದಲ ಪತ್ರ ಒಬ್ಬ ವ್ಯಕ್ತಿಯ ಹೆಸರಿನಿಂದ ಹೋಗಲಿ, ಮತ್ತು ಆ ವ್ಯಕ್ತಿ ನಿಜವಾಗಿ ಇರಲಿ. ಹೆಸರು ಸ್ಥಾಪಕರದು, ಬರೆಯುವವರು ಬೇರೆ ಯಾರೋ ಎಂದಾದರೆ ಮೊದಲ ಫೋನ್ ಕರೆಯಲ್ಲಿಯೇ ಗುಟ್ಟು ರಟ್ಟಾಗುತ್ತದೆ.

ಇಲ್ಲಿ ನಮಗೆ ಮಾತ್ರ ಇರುವ ಒಂದು ತೊಡಕಿದೆ. ನಮ್ಮ ಹೆಸರಿನ ಮುಂದೆ ಊರಿನ, ತಂದೆಯ ಇನಿಷಿಯಲ್‌ಗಳು. ಉತ್ತರದವರಿಗೆ ಬೇಕಾದದ್ದು ಸರ್‌ನೇಮ್. ಎಚ್. ಎಸ್. ಗೀತಾ ಎಂಬವರ ವಿಳಾಸವನ್ನು ‘ಎಚ್‌ಎಸ್’ನಿಂದ ಶುರು ಮಾಡಿದರೆ ದೆಹಲಿಯವರು ‘ಡಿಯರ್ ಎಚ್‌ಎಸ್’ ಎಂದು ಉತ್ತರಿಸುತ್ತಾರೆ. ಕರೆಯುವ ಹೆಸರು ಮೊದಲು ಬರಲಿ, ಇನಿಷಿಯಲ್ ಬೇಕೇ ಬೇಕಾದರೆ ಕೊನೆಗೆ ಇರಲಿ. ಕಾಣುವ ಹೆಸರಿನ ಜಾಗದಲ್ಲಿ ಹೆಸರಿನ ಜತೆ ಕಂಪನಿಯ ಹೆಸರನ್ನೂ ಸೇರಿಸಿದರೆ ಯಾರಿವರು ಎಂಬ ಪ್ರಶ್ನೆಗೆ ಅಲ್ಲೇ ಉತ್ತರ. ಲಿಂಕ್ಡ್‌ಇನ್‌ನಲ್ಲಿಯೂ ಅದೇ ರೂಪ ಇರಲಿ, ಏಕೆಂದರೆ ಆಸಕ್ತಿ ಬಂದವರು ಮೊದಲು ಹುಡುಕುವುದು ಅಲ್ಲಿ.

ಇನ್ನು ಕಾಗುಣಿತ. ಗೀತಾ, ಲತಾ, ಸುಜಾತಾ ಹೆಸರುಗಳನ್ನು ನಾವು ಇಂಗ್ಲಿಷಿನಲ್ಲಿ ಟಿ ಪಕ್ಕ ಎಚ್ ಹಾಕಿ ಬರೆಯುತ್ತೇವೆ. ಮುಂಬೈ, ದೆಹಲಿಯವರು ಬರೀ ಟಿ ಬರೆಯುತ್ತಾರೆ. ಫೋನಿನಲ್ಲಿ ವಿಳಾಸ ಹೇಳಿದರೆ ಅವರು ಬರೆದುಕೊಳ್ಳುವುದು ತಮ್ಮ ಅಭ್ಯಾಸದಂತೆ, ಅವರ ಉತ್ತರ ಹೋಗುವುದು ಇಲ್ಲದ ವಿಳಾಸಕ್ಕೆ. ಇದಕ್ಕೆ ಮದ್ದು ಸುಲಭ: ಎರಡೂ ಕಾಗುಣಿತಗಳನ್ನು ಅಲಿಯಾಸ್ ಆಗಿ ಸೇರಿಸುವುದು. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಒಬ್ಬರಿಗೆ 30 ಅಲಿಯಾಸ್‌ವರೆಗೆ ಹೆಚ್ಚಿನ ಖರ್ಚಿಲ್ಲದೆ ಮಾಡಬಹುದು. ಚುಕ್ಕಿಯ ವಿಷಯವೂ ಹಾಗೆಯೇ. ಸಾಮಾನ್ಯ ಜಿಮೇಲ್ ವಿಳಾಸದಲ್ಲಿ ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸ್ವಂತ ಡೊಮೇನ್‌ನಲ್ಲಿ ಹಾಗಲ್ಲ, ಚುಕ್ಕಿ ಬಿಟ್ಟರೆ ಅದು ಬೇರೆ ವಿಳಾಸ. ಚುಕ್ಕಿಯಿಲ್ಲದ ರೂಪವನ್ನೂ ಸೇರಿಸಿಬಿಡಿ.

ಕನ್ನಡ ಲಿಪಿಯಲ್ಲಿಯೇ ವಿಳಾಸ ಇಟ್ಟುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ‘.ಭಾರತ’ ಡೊಮೇನ್ ಕನ್ನಡದಲ್ಲಿಯೂ ಇದೆ, ಭಾರತೀಯ ಲಿಪಿಯ ಇಮೇಲ್‌ಗೆ ಬೇಕಾದ ತಾಂತ್ರಿಕ ಮಾನದಂಡ 2012ರಲ್ಲಿಯೇ ಸಿದ್ಧವಾಗಿದೆ, ಜಿಮೇಲ್ 2014ರಿಂದ ಅಂಥ ವಿಳಾಸಗಳೊಂದಿಗೆ ವ್ಯವಹರಿಸುತ್ತದೆ. ಆದರೆ ಎಷ್ಟೋ ಕಂಪನಿಗಳ ಸರ್ವರ್, ವೆಂಡರ್ ನೋಂದಣಿಯ ಫಾರಂಗಳು ಇನ್ನೂ ಅದನ್ನು ಒಪ್ಪುವುದಿಲ್ಲ. ಬ್ರ್ಯಾಂಡಿನ ಅಭಿಮಾನಕ್ಕೆ ಒಂದು ಕೊಂಡಿಡಿ, ಪರಿಚಯದ ಪತ್ರಕ್ಕೆ ಸದ್ಯಕ್ಕೆ ಬೇಡ.

ಯಾರ ವಿಳಾಸಕ್ಕೆ ಎಂಬುದೂ ಮುಖ್ಯ

ಎಷ್ಟು ಒಳ್ಳೆಯ ವಿಳಾಸದಿಂದ ಕಳಿಸಿದರೂ ಕೊಂಡ ಪಟ್ಟಿಗೆ ಕಳಿಸಿದರೆ ಎಲ್ಲ ನೀರಿನಲ್ಲಿ ಹೋಮ. ಅಂಥ ಪಟ್ಟಿಗಳಲ್ಲಿ ಸತ್ತ ವಿಳಾಸಗಳೇ ತುಂಬಿರುತ್ತವೆ, ಡೊಮೇನ್‌ನ ಮರ್ಯಾದೆ ಒಂದೇ ದಿನದಲ್ಲಿ ಇಳಿಯಲು ಅಷ್ಟು ಸಾಕು. ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ವ್ಯಕ್ತಿಯೇ ಸಾರ್ವಜನಿಕವಾಗಿ ಪ್ರಕಟಿಸಿಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಯಾರೋ ಒಟ್ಟುಮಾಡಿ ಮಾರಿದ ಪಟ್ಟಿಗೆ ಆ ವಿನಾಯಿತಿ ಸಿಗುತ್ತದೆಂದು ನಂಬಿ ಕೂರಬೇಡಿ. ಕಂಪನಿಯ ವೆಬ್‌ಸೈಟ್ ನೋಡಿ, ಕೆಲಸಕ್ಕೆ ಸಂಬಂಧಪಟ್ಟವರು ಯಾರು ಎಂದು ತಿಳಿದು ಬರೆಯುವುದು ನಿಧಾನದ ದಾರಿ, ಆದರೆ ಉತ್ತರ ಬರುವ ದಾರಿ. ‘ಬೇಡ’ ಎಂದವರನ್ನು ಪಟ್ಟಿಯಿಂದ ಅದೇ ದಿನ ತೆಗೆಯಿರಿ. ಬೇಡ ಎನ್ನಲು ಸುಲಭ ದಾರಿ ಇದ್ದರೆ ಅವರು ಸ್ಪ್ಯಾಮ್ ಗುಂಡಿಯತ್ತ ಹೋಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಮೊದಲ ಮೇಲ್ ಅನ್ನು ನಿಮ್ಮದೇ ಜಿಮೇಲ್‌ಗೆ ಕಳಿಸಿ ನೋಡಿ. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ‘ಪಾಸ್’ ಎಂದಿರಬೇಕು. ಒಂದು ಫೇಲ್ ಆಗಿದ್ದರೂ ಅಂದು ಯಾರಿಗೂ ಕಳಿಸಬೇಡಿ, ಸರಿಪಡಿಸಿ. ಆಮೇಲೆ ಔಟ್‌ಲುಕ್ ಬಳಸುವ ಸ್ನೇಹಿತರಿಗೊಂದು, ಜೋಹೊ ಬಳಸುವವರಿಗೊಂದು ಕಳಿಸಿ, ಎಲ್ಲಿ ಬಂದು ಬಿತ್ತು ಎಂದು ಕೇಳಿ. ಅಲ್ಲಿಗೆ ವಿಳಾಸದ ಕೆಲಸ ಮುಗಿಯಿತು. ಮಾರನೆಯ ಬೆಳಿಗ್ಗೆ ಐದು ಜನಕ್ಕೆ ಬರೆಯಿರಿ. ಆ ಐದರಲ್ಲಿ ಒಬ್ಬರು ಉತ್ತರಿಸಿದರೆ, ಅವರಿಗೆ ಅಂದೇ ಮರುಉತ್ತರ ಬರೆದ ನಂತರವೇ ಆರನೆಯವರ ಹೆಸರು ಹುಡುಕಿ.